ದಾಳಿಂಬೆ ಯಾವೂರಿಗೆ ಹೋಗ್ತಾವು?

ಪಕ್ಕೀರಕ್ಕಾ,

ನೀನು ತೀರಿಕೊಂಡು ಎರಡು ವರ್ಷವಾದರೂ ಇದನ್ನು ಮೊದಲು ನಿನಗೇ ಹೇಳಬೇಕು. ಇವತ್ತು ಕೊಪ್ಪಳದ ನಮ್ಮ ಕಾಲೇಜಿನ ಸಭೆಯಲ್ಲಿ ನನ್ನ ಪಠ್ಯಕ್ರಮ ಪಾಸಾಯಿತು! ಸಾಗಣೆ ಒಂದು ಪುಸ್ತಕದಲ್ಲಿ, ದಾಸ್ತಾನು ಇನ್ನೊಂದರಲ್ಲಿ, ಮಾರಾಟ ಮತ್ತೊಂದರಲ್ಲಿ ಎಂದು ಚದುರಿಹೋಗಿದ್ದ ಪಾಠಗಳೆಲ್ಲ ಸೇರಿ ಇನ್ನು ಮುಂದೆ ‘ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್’ ಎಂಬ ಒಂದೇ ವಿಷಯ. ಹೊಲದಿಂದ ಗಿರಾಕಿಯ ಕೈಗೆ ಮಾಲು ತಲುಪುವ ಇಡೀ ದಾರಿಯ ವಿದ್ಯೆ ಅದು. ಕಲಿಸುವವಳು ನಾನೇ!

ಹಿರಿಯ ಪ್ರಾಧ್ಯಾಪಕ ಕೊಟ್ರಪ್ಪ ಸರ್ ಮೊದಲು ನಕ್ಕುಬಿಟ್ಟರು. “ಲಾರಿ ತುಂಬೂದೂ ಒಂದು ಸಬ್ಜೆಕ್ಟ್ ಏನ್ರಿ ಮೇಡಂ?”

ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ನಿಂತು ನಿನ್ನ ಕತೆ ಹೇಳಿದೆ. ಹೆಸರು ಮಾತ್ರ ಹೇಳಲಿಲ್ಲ. ಕುಷ್ಟಗಿಯ ದಾಳಿಂಬೆ ತೋಟಕ್ಕೆ ಕೂಲಿಗೆ ಬರುತ್ತಿದ್ದ ಒಬ್ಬಳು ಮಾಲಕರನ್ನೇ ತಡೆದು, “ಹಣ್ಣು ಯಾವೂರಿಗೆ ಹೋಗ್ತಾವು ಮೊದಲ ಹೇಳ್ರಿ, ಆಮ್ಯಾಲ ಕೀಳೂಣು” ಎನ್ನುತ್ತಿದ್ದಳು. ಗಟ್ಟಿ ಸಿಪ್ಪೆಯವು ದಿಲ್ಲಿಗೆ, ಪೂರ್ತಿ ಮಾಗಿದವು ಹತ್ತಿರದ ಗಂಗಾವತಿಗೆ. ಅವಳು ಆರಿಸಿ ತುಂಬಿಸಿದ ಮಾಲು ದಾರಿಯಲ್ಲಿ ಕೊಳೆತದ್ದೇ ಇಲ್ಲ.

ಕೊಟ್ರಪ್ಪ ಸರ್ ಕನ್ನಡಕ ತೆಗೆದರು.

“ಭಾಳ ಛಲೋ ಐತ್ರಿ. ಇದನ್ನ ಮೊದಲನೇ ಪಾಠ ಮಾಡ್ರಿ. ಯಾರ್ರೀ ಆ ಹೆಣ್ಮಗಳು?”

ನನ್ನನ್ನು ಓದಿಸಲೆಂದೇ ನೀನು ಏಳನೇ ಇಯತ್ತೆಗೆ ಸಾಲಿ ಬಿಟ್ಟು ಆ ತೋಟಕ್ಕೆ ಹೋದವಳು. ಮೇಜಿನ ಸುತ್ತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಯಾರೋ ಕೂಲಿಯಾಕಿರಿ ಸರ್, ಹೆಸರು ನೆನಪಿಲ್ಲ,” ಎಂದೆ.

ಎಲ್ಲರೂ ನನಗೆ ಚಪ್ಪಾಳೆ ತಟ್ಟಿದರು, ಅಕ್ಕಾ.

ವಿಜಿ