ಎರಡನೇ ಚಿಲಕ

ರೀ,

ಕೌನ್ಸೆಲಿಂಗಿಗೆ ಹೊರಟೆ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಕಾಫಿ ಫ್ಲಾಸ್ಕಿನಲ್ಲಿದೆ. ಪಕ್ಕದ ಮನೆಯವರಿಗೆ ಸಂಜೆಯೊಳಗೆ ರಿಪೇರಿಗೆ ಕೊಟ್ಟ ಅವರ ಮಿಕ್ಸಿ ಬೇಕಂತೆ.

ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದೇನೆ. ಮುಂಬಾಗಿಲಿಗೆ ನಿನ್ನೆ ನೀವು ಹಾಕಿದ ಎರಡನೇ ಚಿಲಕ ಎಷ್ಟು ಎಳೆದರೂ ಜಗ್ಗಲಿಲ್ಲ.

ಕತ್ತಲಾದರೆ ಎದೆ ಢವಢವ ಅನ್ನುತ್ತದೆ, ಯಾವುದರಲ್ಲೂ ಮನಸ್ಸಿಲ್ಲ ಅಂತ ನಿನ್ನೆ ನಿಮಗೆ ಹೇಳಿದೆ. ನೀವು "ಅಷ್ಟೇ ತಾನೆ" ಅಂತ ಎದ್ದುಹೋಗಿ ಸ್ಕ್ರೂಡ್ರೈವರ್ ತಂದಿರಿ. ಜೀವನವಿಡೀ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿದ ಕೈ, ಸುಮ್ಮನೆ ಹೇಗೆ ಕೂತೀತು.

"ಈ ವಯಸ್ಸಲ್ಲಿ ಆ ಕೌನ್ಸೆಲರ್ ಹತ್ರ ಮಾತಾಡಿ ಏನಾಗ್ಬೇಕು" ಅಂತಲೂ ಕೇಳಿದಿರಿ. ಹೋದ ವಾರ ನಾನು ಈ ಕತ್ತಲಿನ ಭಯವನ್ನೇ ಆಕೆಗೂ ಹೇಳಿದ್ದೆ. ಆಕೆ ಏನನ್ನೂ ಸರಿಮಾಡಲು ಹೋಗಲಿಲ್ಲ. ನಾನು ಮುಗಿಸುವವರೆಗೆ ಕೇಳಿಸಿಕೊಂಡಳು, ಆಮೇಲೆ ಒಂದೆರಡು ಪ್ರಶ್ನೆ ಕೇಳಿದಳು. ಆ ರಾತ್ರಿ ಸ್ವಲ್ಪ ನಿದ್ದೆ ಹತ್ತಿತು.

ನಾನು ಬರುವಷ್ಟರಲ್ಲಿ ಆ ಚಿಲಕ ಬಿಚ್ಚಿಡಿ. ಮುಂಬಾಗಿಲಿನಿಂದಲೇ ಬರುತ್ತೇನೆ.

ಇವತ್ತು ಆಕೆಗೆ ಹೇಳುವುದನ್ನು ನಿಮಗೂ ಹೇಳಬೇಕು ಅಂತಿದ್ದೇನೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ, ಸಾಕು. ಕೇಳುವಾಗ ಕೈ ಖಾಲಿ ಇರಲಿ. ಏನಾದರೂ ಹಿಡಿದುಕೊಳ್ಳದೆ ಕೂರಲು ಆಗುವುದೇ ಇಲ್ಲ ಅನ್ನುವುದಾದರೆ, ನನ್ನ ಕೈ ಇದೆ.