ಅಭಿಷಿಕ್ತನ ಕಾಲದ ಲೆಕ್ಕ

ಸಿಪ್ಪೋರಿ, ಗಲಿಲಾಯ
ಆದಾರ್ ಮಾಸದ ಹದಿನೆಂಟನೆಯ ದಿನ

ಮಗನೇ ಹಿಲ್ಕೀಯಾ, ನಿನಗೆ ಶಾಂತಿಯಿರಲಿ.

ಕೆಮ್ಮು ಇಳಿಯಿತೇ? ಯೊರ್ದನ್ ಹೊಳೆಯ ದಡದಲ್ಲಿ ಬರಿನೆಲದ ಮೇಲೆ ಮಲಗುತ್ತೀಯೆಂದು ಉಪ್ಪಿನ ವ್ಯಾಪಾರಿ ತಿಳಿಸಿದ. ಅವನ ಕೈಯಲ್ಲೇ ನಿನ್ನ ತಾಯಿ ಉಣ್ಣೆಯ ಹೊದಿಕೆ ಕಳುಹಿಸಿದ್ದಾಳೆ. ದಾನ ಮಾಡದೆ ನೀನೇ ಹೊದೆದುಕೋ.

ಬರುವ ತಿಂಗಳ ಪಸ್ಕಹಬ್ಬದ ಮರುದಿನ ನಿಮ್ಮ ಗುರು ಜನರನ್ನು ಹೊಳೆಗೆ ಇಳಿಸುವನೆಂದೂ ನೀರು ಇಬ್ಭಾಗವಾಗುವುದೆಂದೂ ಬರೆದಿದ್ದೀಯೆ. ಎರಡು ವರ್ಷದ ಹಿಂದೆ ಇನ್ನೊಬ್ಬನು ಇದನ್ನೇ ಹೇಳಿದ್ದ. ನಿನ್ನಣ್ಣ ಯೋವೆಜೆರ್ ಅವನ ಹಿಂದೆ ನಡೆದ. ನೀರು ಸೀಳಲಿಲ್ಲ, ರೋಮಿನ ಸವಾರರು ಬಂದರು. ದೇಹ ಸಿಗದವನಿಗೆ, ಮನೆಯವರು ಆಸೆ ಬಿಟ್ಟ ದಿನದಿಂದ ಏಳು ದಿನ ಶೋಕಕ್ಕೆ ಕೂರಬೇಕೆಂಬುದು ವಿಧಿ. ನಾನು ಅಂಗಿ ಹರಿದುಕೊಂಡು ನೆಲದ ಮೇಲೆ ಕುಳಿತೆ. ನಿನ್ನ ತಾಯಿ ಇಂದಿಗೂ ಕುಳಿತಿಲ್ಲ.

ಈಗ ವಾದಕ್ಕೆ ಬರೋಣ. ನಮ್ಮನ್ನು ಬಿಡಿಸಲು ದೇವರು ಕಳುಹಿಸಲಿರುವ ಅಭಿಷಿಕ್ತನು ದಾವೀದನ ವಂಶದ ರಾಜನೆಂದು ಕೆಲವರ ಮತ; ಒಬ್ಬನಲ್ಲ, ರಾಜನೊಬ್ಬ ಯಾಜಕನೊಬ್ಬ ಎಂದು ಉಪ್ಪುಸಮುದ್ರದ ದಡದ ವ್ರತಸ್ಥರ ಮತ. ಮೇಘದ ಮೇಲೆ ಬರುವನೆಂದು ಶಾಸ್ತ್ರದ ಒಂದು ಸುರುಳಿ, ಕತ್ತೆಯ ಮೇಲೆಂದು ಇನ್ನೊಂದು. ನಿಮ್ಮವನು ಇವರಲ್ಲಿ ಯಾರು? ನೆರೆಮನೆಯ ಕುಂಬಾರ ಜಬ್ದಿ ದಿನವೂ ಚುಚ್ಚುತ್ತಾನೆ: "ಗುರುಗಳೇ, ಈ ಸಲದ ರಾಜ ಮೋಡದ ಮೇಲೋ ಕತ್ತೆ ಮೇಲೋ? ಕತ್ತೆ ಆದ್ರೆ ನಂದೇ ಒಂದಿದೆ, ಸ್ವಲ್ಪ ಕುಂಟುತ್ತೆ ಅಷ್ಟೇ." ನಿನ್ನ ತಾಯಿ ನಕ್ಕಳು; ಆಮೇಲೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ನಿನ್ನ ಉತ್ತರ ನನಗೆ ಗೊತ್ತು. ಸುರುಳಿಗಳು ಏನೇ ಹೇಳಲಿ, ಈ ಏಳು ವರ್ಷಗಳೊಳಗೆ ಅವನು ಬರಲೇಬೇಕೆಂದು ಪಾಠಶಾಲೆಯ ವಾದದಲ್ಲಿ, ಹಿಂದಿನ ರಾಜರ ಆಳ್ವಿಕೆಯ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕಿ ತೋರಿಸಿದವನು ನಾನೇ. ಇಪ್ಪತ್ತು ಪಂಡಿತರು ಅಂದು ಸೋಲೊಪ್ಪಿದರು. ಅಣ್ಣತಮ್ಮಂದಿರಿಬ್ಬರೂ ಬಾಗಿಲಲ್ಲಿ ನಿಂತು ಕೇಳಿದಿರಿ. ನಿಮ್ಮ ಗುಂಪಿನಲ್ಲಿ ಈಗ ಎಲ್ಲರಿಗೂ ಆ ಲೆಕ್ಕ ಬಾಯಿಪಾಠವಂತೆ. ಗೆದ್ದ ವಾದವೆಲ್ಲ ಸತ್ಯವಲ್ಲ, ಮಗನೇ. ನಿನ್ನೆ ನಿನ್ನ ತಾಯಿ ರೊಟ್ಟಿ ತಟ್ಟುತ್ತ, ನನ್ನ ಕಡೆ ನೋಡದೆ ಅಂದಳು: "ಮಾತಾಡಿ ಕಳಿಸಿದೋರು ನೀವು. ಮಾತಾಡಿ ಕರೆಸ್ಕೊಳ್ಳಿ."

ಹಬ್ಬಕ್ಕೆ ಮೊದಲು ಹೊರಟು ಬಾ. ನಮ್ಮ ಪಿತೃಗಳ ದೇವರು ನಿನ್ನ ಕಾಲನ್ನು ದಡದ ಮೇಲೆಯೇ ಇರಿಸಲಿ.

ನಿನ್ನ ತಂದೆ,
ಎಲ್ಹಾನಾನ್

ತಾ. ಕ.: ವ್ಯಾಪಾರಿ ಒಂಟೆಯನ್ನು ಎಬ್ಬಿಸಿಯಾಯಿತು. ಆ ಲೆಕ್ಕದಲ್ಲಿ ಪಾರಸಿಯ ರಾಜನೊಬ್ಬನ ಆಳ್ವಿಕೆಯನ್ನು ಎರಡು ಬಾರಿ ಸೇರಿಸಿದ್ದೆ. ತಿಳಿದೇ ಸೇರಿಸಿದ್ದೆ, ಇಲ್ಲದಿದ್ದರೆ ಅವನು ಬರುವ ಕಾಲ ಇನ್ನೂ ದೂರ ಬೀಳುತ್ತಿತ್ತು, ನಾನು ವಾದದಲ್ಲಿ ಸೋಲುತ್ತಿದ್ದೆ. ಯಾರೂ ಗುರುತಿಸಲಿಲ್ಲ. ಹೊರಡುವ ಮುಂಜಾನೆ ನಿನ್ನಣ್ಣ, "ಅಪ್ಪಾ, ಲೆಕ್ಕ ಸರಿಯಾಗಿದೆ ತಾನೆ?" ಎಂದು ಕೇಳಿದ. ಪಕ್ಕದಲ್ಲಿ ನನ್ನ ಶಿಷ್ಯರಿದ್ದರು. ಸರಿಯಿದೆ ಎಂದೆ. ಇದನ್ನು ಅಲ್ಲಿರುವ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳು. ನನ್ನ ಹೆಸರು ಹಿಡಿದೇ ಓದು.