ಸೆಕೆಂಡಿಗೆ ಎಷ್ಟು ಅಡಿ

14 ನವೆಂಬರ್ 1937, ಭಾನುವಾರ. ಸಾಗರ

ಲೆಕ್ಕದ ಪುಸ್ತಕ ತಿದ್ದುತ್ತಿದ್ದೆ. ಒಂಬತ್ತು ಹುಡುಗರು ಉತ್ತರದ ಮುಂದೆ ಅಡಿಯೋ ಅಂಗುಲವೋ ಬರೆದಿಲ್ಲ. ಸೊನ್ನೆ.

ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಬಂದರು. ಹೊಸನಗರದ ಕಡೆಯ ಮರದ ಡಿಪೋ ಕೇಸು. ಕಾವಲುಗಾರ ಹೂವಯ್ಯನ ಪಿಸ್ತೂಲಿನ ಗುಂಡಿಗೆ ಮೇಸ್ತ್ರಿ ಸತ್ತಿದ್ದಾನೆ. ಇಬ್ಬರಿಗೂ ಮೊದಲೇ ಆಗುತ್ತಿರಲಿಲ್ಲವಂತೆ. ನೂರು ಹೆಜ್ಜೆ ದೂರದಿಂದ ಹಂದಿಗೆ ಹೊಡೆದೆ, ಆಳು ಕಾಣಲಿಲ್ಲ — ಇದು ಹೂವಯ್ಯನ ಮಾತು. ಪೊಲೀಸರು ಒಪ್ಪುವುದಿಲ್ಲ. ಖಾಲಿ ತೋಟಾಗಳಿಗೆ ಅವನೇ ಕೈಯಾರೆ ಮದ್ದು ತುಂಬಿದ್ದು. ಮದ್ದು ಕಮ್ಮಿ, ಆ ಗುಂಡು ಅಷ್ಟು ದೂರ ಹೋಗಿ ಎದೆ ಹೊಗುವುದಿಲ್ಲ. ಹತ್ತಿರ ನಿಂತೇ ಹೊಡೆದಿದ್ದಾನೆ ಎನ್ನುತ್ತಾರೆ. ಗುಂಡು ಸೆಕೆಂಡಿಗೆ ಐನೂರು ಅಡಿಗಿಂತ ವೇಗವಾಗಿ ಹೊರಟರೆ ಹೂವಯ್ಯ ಹೇಳುವುದು ಸಾಧ್ಯ, ಕಡಿಮೆಯಾದರೆ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

“ನೀವು ಸೈನ್ಸ್ ಮೇಷ್ಟ್ರು. ಅಳೆದು ಕೊಡಿ.”

ಹೂವಯ್ಯನ ಪೆಟ್ಟಿಗೆಯಲ್ಲಿ ಅವನೇ ತುಂಬಿದ ಇನ್ನೂ ಎಂಟು ತೋಟಾ ಸಿಕ್ಕಿವೆ. ನಾನು ಜೈನ, ಪಿಸ್ತೂಲು ಮುಟ್ಟುವವನಲ್ಲ ಎಂದೆ. ಹೊಡೆಯಲು ಕಾನ್‌ಸ್ಟೇಬಲ್ ಇದ್ದಾನಂತೆ. ಒಪ್ಪಿದೆ. ಹೆಮ್ಮೆಯೂ ಆಯಿತು, ಸುಳ್ಳು ಯಾಕೆ.

17 ನವೆಂಬರ್

ಉಪಾಯ ಹಳೆಯದು. ಮರದ ದಿಮ್ಮಿಯನ್ನು ಹಗ್ಗದಲ್ಲಿ ತೂಗುಹಾಕುವುದು. ಗುಂಡು ಹೊಕ್ಕಾಗ ಎಷ್ಟು ಹಿಂದಕ್ಕೆ ತೂಗುತ್ತದೆ ನೋಡುವುದು. ದಿಮ್ಮಿಯ ತೂಕ, ಗುಂಡಿನ ತೂಕ ಗೊತ್ತಿದ್ದರೆ ವೇಗ ತಾನಾಗಿ ಸಿಗುತ್ತದೆ.

ಹಸಿ ಬೂರುಗದ ದಿಮ್ಮಿ ತಂದೆ. ಮೆತ್ತಗಿನ ಮರ, ಗುಂಡು ಒಳಗೇ ಉಳಿಯುತ್ತದೆ. ಅಡಿಕೆ ಮಂಡಿಯ ತಕ್ಕಡಿಯಲ್ಲಿ ತೂಗಿಸಿದೆ — ಇಪ್ಪತ್ತು ಪೌಂಡು ಸರಿಯಾಗಿ.

ಹೆಂಡತಿ ಜಿನಮ್ಮ ಬಾಗಿಲಲ್ಲೇ ತಡೆದಳು. “ಇದ್ರೊಳಗೆ ಹುಳ ಇದಾವೆ ನೋಡಿ, ತೊಗಟೆ ಹತ್ರ. ಇದಕ್ಕಾ ಗುಂಡು ಹೊಡ್ಸೋದು?”

“ನಾಕು ಹುಳ ಕಣೆ.”

“ನಾಕೋ ನಲವತ್ತೋ, ನಿಮ್ ಲೆಕ್ಕಕ್ಕೆ ಅವು ಯಾಕೆ ಸಾಯ್ಬೇಕು? ನನ್ ಕೈಗೆ ಕೊಡಿ.”

ಕೊಟ್ಟೆ. ಇವಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

8 ಡಿಸೆಂಬರ್, ಬುಧವಾರ

ಶಾಲೆಯ ಹಿಂದಿನ ಷೆಡ್ಡು. ಒಂಬತ್ತು ಅಡಿ ಹಗ್ಗ. ಎಂಟು ಈಡು. ಒಂದು ಹತ್ತಲೇ ಇಲ್ಲ, ಏಳು ಸರಿಯಾಗಿ ಬಿದ್ದವು. ಪ್ರತಿ ಸದ್ದಿಗೂ ನಾನು ಬೆಚ್ಚಿದೆ; ಕಾನ್‌ಸ್ಟೇಬಲ್ ನಕ್ಕ. ದಿಮ್ಮಿ ಸರಾಸರಿ ಎರಡೂ ಮುಕ್ಕಾಲು ಅಂಗುಲ ಹಿಂದಕ್ಕೆ ಹೋಯಿತು.

ವೇಗ: ಸೆಕೆಂಡಿಗೆ 610 ಅಡಿ.

ಹೂವಯ್ಯ ನಿಜ ಹೇಳಿರಬಹುದು! ಸಂಜೆಯೇ ವರದಿ ಬರೆದು, ಸಹಿ ಹಾಕಿ ಕೊಟ್ಟೆ. ಒಂದು ಜೀವ ಉಳಿಯಿತಲ್ಲ ಎಂದು ಸಮಾಧಾನ. ಜಿನಮ್ಮ ಪಾಯಸ ಮಾಡಿದಳು.

9 ಡಿಸೆಂಬರ್

ದಿಮ್ಮಿ ಇಳಿಸಿದೆ. ಒಂದೇ ಕೈಗೆ ಬಂತು.

ಮನೆಗೆ ಹೋಗಿ ಕೇಳಿದೆ, ಏನು ಮಾಡಿದ್ದೆ ಇದಕ್ಕೆ. “ಮೂರು ವಾರ ಬಿಸಿಲಿಗಿಟ್ಟೆ, ಸಂಜೆ ಆದ್ಮೇಲೆ ಒಲೆ ಹತ್ರ. ಶಾಖಕ್ಕೆ ತಾವಾಗೇ ಹೊರಗೆ ಬಂದ್ವು. ಒಂದೂ ಸಾಯ್ಲಿಲ್ಲ.” ಮುಖ ಅರಳಿತ್ತು.

ಮತ್ತೆ ಮಂಡಿಗೆ ಓಡಿದೆ. ಹದಿನೈದೂವರೆ ಪೌಂಡು.

ಹುಡುಗರಿಗೆ ದಿನಾ ಬಡಿದುಕೊಳ್ಳುತ್ತೇನೆ, ಪ್ರಯೋಗಕ್ಕೆ ಮುಂಚೆ ಮತ್ತೊಮ್ಮೆ ತೂಗಿ ಎಂದು. ನಾನು ತೂಗಲಿಲ್ಲ. ಇಪ್ಪತ್ತು ಎಂದು ಹಿಡಿದು ಲೆಕ್ಕ ಹಾಕಿದೆ. ದಿಮ್ಮಿ ಹಗುರವಾಗಿದ್ದರೆ ನಿಧಾನದ ಗುಂಡೂ ಅಷ್ಟೇ ದೂರ ತಳ್ಳುತ್ತದೆ.

ನಿಜವಾದ ವೇಗ 473.

ಐನೂರಕ್ಕಿಂತ ಕಡಿಮೆ. ಹೇಳಿದರೆ ಹೂವಯ್ಯನಿಗೆ ನೇಣು ಆದೀತು.

2 ಜನವರಿ 1938

ಇಷ್ಟು ದಿನ ಏನೂ ಬರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಇಂದು ಹೂವಯ್ಯನ ತಾಯಿ ಬೆಳ್ಳಮ್ಮ ಬಂದಿದ್ದಳು. ಹೊಸನಗರದಿಂದ ನಡೆದೇ ಬಂದಿದ್ದಾಳೆ. ಒಂದು ಗೊನೆ ಬಾಳೆಹಣ್ಣು ಜಗಲಿ ಮೇಲಿಟ್ಟು ಕೈಮುಗಿದಳು.

“ನಮ್ ಹುಡ್ಗನ್ನ ನೀವೇ ಉಳ್ಸಿದ್ದಂತೆ, ಅಯ್ಯಾ. ವಕೀಲ್ರು ಹೇಳಿದ್ರು.”

“ನಾನು ಬರೀ ಅಳೆಯೋನು ಕಣಮ್ಮ.”

“ಅಳ್ದು ಉಳ್ಸಿದ್ರಲ್ಲ.”

ಅವಳು ಹೋದ ಮೇಲೆ ಜಿನಮ್ಮನಿಗೆ ಎಲ್ಲ ಹೇಳಿಬಿಟ್ಟೆ. “ನಾನು ಒಣಗ್ಸದೇ ಇದ್ದಿದ್ರೆ?” ಎಂದಳು. ಒಣಗಿಸದಿದ್ದರೆ ದಿಮ್ಮಿ ಅಷ್ಟು ಹಿಂದಕ್ಕೆ ಹೋಗುತ್ತಿರಲಿಲ್ಲ, ಲೆಕ್ಕಕ್ಕೆ ಅದೇ 473 ಬರುತ್ತಿತ್ತು. ತಪ್ಪು ನಿನ್ನದಲ್ಲ, ಎರಡನೇ ಸಲ ತೂಗದ ನನ್ನದು ಎಂದೆ. ಅಹಿಂಸೆ, ಸತ್ಯ ಎರಡೂ ವ್ರತ. ಈಗ ಯಾವುದು ಮೊದಲು ಎಂದು ಕೇಳಿದೆ.

“ನಂಗೆ ಗೊತ್ತಿಲ್ಲ. ಆದ್ರೆ ಸತ್ತೋನಿಗೂ ಒಬ್ಳು ತಾಯಿ ಇರ್ತಾಳೆ.”

ನನಗಿದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

24 ಜನವರಿ, ಸೋಮವಾರ. ಸಂಜೆ 6

ಶಿವಮೊಗ್ಗದಿಂದ ಈಗ ಬಂದೆ. ಬರೆದು ಮುಗಿಸಬೇಕು.

ನಾನು ಕಟಕಟೆ ಹತ್ತಿದೆ. ಹೂವಯ್ಯನ ವಕೀಲ ಮುಕುಂದಯ್ಯನವರು ನಗುನಗುತ್ತಾ ಕೇಳಿದರು, “ವೇಗ ಎಷ್ಟು ಮೇಷ್ಟ್ರೇ?” ವರದಿ ತಪ್ಪು ಎಂದೆ. ಹೇಗೆ ತಪ್ಪಾಯಿತು ಎಂದು ಪೂರ್ತಿ ಹೇಳಿದೆ. ಅವರ ನಗು ಹೋಯಿತು. ನ್ಯಾಯಾಧೀಶರು ಎರಡು ಸಲ ಕೇಳಿ ಬರೆದುಕೊಂಡರು — 473. ಹೂವಯ್ಯ ಕೊಂದನೋ ಇಲ್ಲವೋ ನನಗೆ ಗೊತ್ತಿಲ್ಲ, ಗುಂಡಿನ ವೇಗ ಮಾತ್ರ ಗೊತ್ತು ಎಂದೂ ಹೇಳಿದೆ. ಅದನ್ನು ಬರೆದುಕೊಳ್ಳಲಿಲ್ಲ. ಹೂವಯ್ಯ ನನ್ನನ್ನೇ ನೋಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ತೀರ್ಪು ಶುಕ್ರವಾರ.

ವಾಪಸು ಬರುವ ಬಸ್ಸಿನಲ್ಲಿ ಬೆಳ್ಳಮ್ಮ ಇದ್ದಳು. ನನ್ನನ್ನು ಕಂಡದ್ದೇ ಎದ್ದು ಜಾಗ ಬಿಟ್ಟಳು, ಬೇಡವೆಂದರೂ ಕೇಳಲಿಲ್ಲ. ನನ್ನ ಕಾಲ ಹತ್ತಿರ ಗಂಟಿನ ಮೇಲೆ ಕೂತಳು. ಬಸ್ಸು ಆನಂದಪುರ ದಾಟಿತು. ಆಮೇಲೆ ಮುಖ ಎತ್ತಿ ಕೇಳಿದಳು:

“ಅಯ್ಯಾ, ನಂಗೆ ಲೆಕ್ಕ ಬರಲ್ಲ. ನಾನೂರ ಎಪ್ಪತ್ಮೂರು ಅಂದ್ರೆ, ನಮ್ ಹುಡ್ಗನಿಗೆ ಒಳ್ಳೇದೇ ಅಲ್ವಾ?”

ನಾನು ಅವಳಿಗೆ — ಇಲ್ಲ, ಇದನ್ನು ಬರೆಯಲಾರೆ.